ಬಿಯರು, ಹಲಗೆ, ಸೂಲಗಿತ್ತಿಯ ಇನಾಮು: ಬೆಸ್‌ಳ ಪತ್ರಗಳ ಕುರಿತು ಓದುಗರ ಪ್ರಶ್ನೆಗಳು

ಒಂದನೆಯ ಎಲಿಜಬೆತ್ ರಾಣಿಯ ಕಾಲದಲ್ಲಿ ಬದುಕಿದ್ದ ‘ಹಾರ್ಡ್‌ವಿಕ್‌ನ ಬೆಸ್’ ಎಂಬ ಶ್ರೀಮಂತ ಮಹಿಳೆಯ ಮನೆವಾರ್ತೆ ಮತ್ತು ಜಮೀನು ವಹಿವಾಟಿನ ಪತ್ರಗಳ ಬಗ್ಗೆ ಕಳೆದ ಸಂಚಿಕೆಯಲ್ಲಿ ಎರಡು ಪುಟ ಬರೆದಿದ್ದೆ. ಮುಂಬಯಿ, ಪುಣೆ, ಗೋವಾಗಳಿಂದ ಬಂದ ಪ್ರಶ್ನೆಗಳಲ್ಲಿ ಕೆಲವನ್ನು ಆರಿಸಿಕೊಂಡು ಇಲ್ಲಿ ಉತ್ತರಿಸಿದ್ದೇನೆ. ಒಂದೇ ಅರ್ಥದ ಪ್ರಶ್ನೆಗಳನ್ನು ಕೂಡಿಸಿಕೊಂಡಿದ್ದೇನೆ.

ಮಾಟುಂಗಾದಿಂದ ಒಬ್ಬ ಓದುಗರು: ಈಕೆ ರಾಣಿಯಲ್ಲ, ಕವಿಯೂ ಅಲ್ಲ. ಇಂಥ ಹೆಂಗಸಿನ ಮನೆಲೆಕ್ಕದ ಕಾಗದಗಳಿಗೆ ಇಷ್ಟು ಬೆಲೆ ಯಾಕೆ? ಆಕೆ ಯಾರೆಂಬುದನ್ನಾದರೂ ಸ್ವಲ್ಪ ವಿವರಿಸಿ.

ಇಂಗ್ಲೆಂಡಿನ ಡರ್ಬಿಶೈರ್ ಪ್ರಾಂತದ ಹಾರ್ಡ್‌ವಿಕ್ ಎಂಬಲ್ಲಿ, ಹೇಳಿಕೊಳ್ಳುವಷ್ಟೇನೂ ದೊಡ್ಡದಲ್ಲದ ಜಮೀನುದಾರ ಕುಟುಂಬವೊಂದರಲ್ಲಿ 1520ರ ದಶಕದಲ್ಲಿ ಹುಟ್ಟಿದ ಎಲಿಜಬೆತ್ ಹಾರ್ಡ್‌ವಿಕ್ (‘ಬೆಸ್’ ಎಂಬುದು ಎಲಿಜಬೆತ್‌ನ ಮೊಟಕು ಹೆಸರು) ನಾಲ್ಕು ಬಾರಿ ಮದುವೆಯಾಗಿ ನಾಲ್ಕು ಬಾರಿಯೂ ವಿಧವೆಯಾದಳು. ಮೊದಲ ಗಂಡ ರಾಬರ್ಟ್ ಬಾರ್ಲಿ ಇನ್ನೂ ಹುಡುಗನಾಗಿದ್ದಾಗಲೇ, 1544ರಲ್ಲಿ, ತೀರಿಕೊಂಡ. ಅಲ್ಲಿನ ಕಾನೂನಿನ ಪ್ರಕಾರ ಗಂಡನ ಭೂಮಿಯ ಮೂರನೆಯ ಒಂದು ಪಾಲಿನ ಆದಾಯ ವಿಧವೆಗೆ ಜೀವನಪರ್ಯಂತ ಸಲ್ಲಬೇಕಿತ್ತು. ಆದರೆ ಅದನ್ನು ಪಡೆಯಲು ಹದಿಹರೆಯದ ಆ ವಿಧವೆ ಕೋರ್ಟಿನ ಮೆಟ್ಟಿಲು ಹತ್ತಬೇಕಾಯಿತು. ಕಾಗದಪತ್ರಗಳ ಬಗ್ಗೆ ಮುಂದೆ ಆಕೆ ತೋರಿಸಿದ ಎಚ್ಚರಕ್ಕೆ ಬುನಾದಿ ಅಲ್ಲಿಯೇ ಬಿತ್ತು ಎಂದು ನನ್ನ ಎಣಿಕೆ. 1547ರಲ್ಲಿ ಅರಸನ ಖಜಾನೆಯ ಅಧಿಕಾರಿಯಾಗಿದ್ದ ಸರ್ ವಿಲಿಯಂ ಕ್ಯಾವೆಂಡಿಶ್‌ನನ್ನು ಮದುವೆಯಾದಳು. ಎಂಟು ಮಕ್ಕಳಲ್ಲಿ ಆರು ಬದುಕಿದವು. ಈ ದಂಪತಿಗಳು 1549ರಲ್ಲಿ 600 ಪೌಂಡು ಕೊಟ್ಟು ಚಾಟ್ಸ್‌ವರ್ತ್ ಜಮೀನನ್ನು ಕೊಂಡರು. ಕ್ಯಾವೆಂಡಿಶ್ 1557ರಲ್ಲಿ ತೀರಿದ ಮೇಲೆ ರಾಣಿಯ ಅಂಗರಕ್ಷಕ ಪಡೆಯ ನಾಯಕ ಸರ್ ವಿಲಿಯಂ ಸೇಂಟ್ ಲೋ, ಆತನ ನಂತರ ದೇಶದ ಬಹುದೊಡ್ಡ ಸಿರಿವಂತರಲ್ಲಿ ಒಬ್ಬನಾದ ಶ್ರೂಸ್‌ಬರಿಯ ಅರ್ಲ್ ಜಾರ್ಜ್ ಟಾಲ್ಬಟ್. ಈ ಕೊನೆಯ ಸಂಬಂಧ ಕುದುರಿದಾಗ ಬೆಸ್‌ಳ ಮಗಳನ್ನು ಅರ್ಲ್‌ನ ಮಗನಿಗೂ, ಅರ್ಲ್‌ನ ಮಗಳನ್ನು ಬೆಸ್‌ಳ ಮಗನಿಗೂ ಕೊಟ್ಟು ಮದುವೆ ಮಾಡಲಾಯಿತು. ಕೊಟ್ಟು ತಂದುಕೊಳ್ಳುವ ಈ ಪದ್ಧತಿಯನ್ನು ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಆಕೆಗೆ ಬಂದ, ಆಕೆ ಬರೆದ 230ಕ್ಕೂ ಹೆಚ್ಚು ಪತ್ರಗಳು ಉಳಿದಿವೆ. ಬೇರೆ ಬೇರೆ ಸಂಗ್ರಹಗಳಲ್ಲಿ ಚದುರಿಹೋಗಿದ್ದ ಅವನ್ನು ಗ್ಲಾಸ್ಗೋ ವಿಶ್ವವಿದ್ಯಾಲಯದವರು ಒಟ್ಟುಗೂಡಿಸಿ, ಮೂಲದ ಕಾಗುಣಿತ ಸಹಿತ ಯಾರು ಬೇಕಾದರೂ ಓದುವಂತೆ ಮಾಡಿದ್ದಾರೆ. ಬೆಲೆ ಯಾಕೆ ಎಂಬುದಕ್ಕೆ ನನ್ನ ಉತ್ತರ ಇಷ್ಟೇ: ರಾಣಿಗೆ, ಮಂತ್ರಿಗೆ ಪತ್ರ ಬರೆಯುವಾಗ ಎಲ್ಲರೂ ಮೈಯೆಲ್ಲ ಎಚ್ಚರವಾಗಿರುತ್ತಾರೆ. ಉಗ್ರಾಣಕ್ಕೆ, ಬಡಗಿಗೆ, ಪಾರುಪತ್ಯಗಾರನಿಗೆ ಬರೆಯುವಾಗ ಮನುಷ್ಯರ ನಿಜವಾದ ದನಿ ಹೊರಬೀಳುತ್ತದೆ. ಬೆಸ್‌ಳ ವಿಷಯದಲ್ಲಿ ಎರಡೂ ಬಗೆಯವು ನಮಗೆ ದೊರೆತಿವೆ.

ಡೊಂಬಿವಲಿಯಿಂದ ಒಬ್ಬ ಗೃಹಿಣಿ: ಪಾರುಪತ್ಯಗಾರನಿಗೆ ಆಕೆ ಬರೆದ ಒಂದು ಪತ್ರವನ್ನು ನೀವು ‘ಗದರಿಕೆಯ ಪತ್ರ’ ಎಂದು ಕರೆದು ಮುಂದೆ ಹೋದಿರಿ. ಅದರಲ್ಲಿ ಇರುವುದೇನು? ಹೆಂಗಸು ಲೆಕ್ಕ ಕೇಳಿದರೆ ಅದು ಗದರಿಕೆ, ಗಂಡಸು ಕೇಳಿದರೆ ಆಡಳಿತವೇ?

ಏಟು ಸರಿಯಾಗಿ ಬಿದ್ದಿದೆ, ಒಪ್ಪಿಕೊಳ್ಳುತ್ತೇನೆ. ಪತ್ರವನ್ನು ಮತ್ತೆ ತೆಗೆದು ಓದಿದೆ. ಪ್ರಾಯಶ್ಚಿತ್ತವೆಂಬಂತೆ ಅದರ ವಿವರಗಳನ್ನು ಸ್ವಲ್ಪ ದೀರ್ಘವಾಗಿಯೇ ಕೊಡುತ್ತೇನೆ.

1552ರ ನವೆಂಬರ್ 14ರಂದು ಲಂಡನ್ನಿನಿಂದ ಹೊರಟ ಪತ್ರ ಅದು; ಚಾಟ್ಸ್‌ವರ್ತಿನ ಪಾರುಪತ್ಯಗಾರ ಫ್ರಾನ್ಸಿಸ್ ವಿಟ್‌ಫೀಲ್ಡನಿಗೆ ಬರೆದದ್ದು. ಬೆಸ್‌ಗೆ ಆಗ ಮೂವತ್ತೂ ತುಂಬಿರಲಿಕ್ಕಿಲ್ಲ. ‘ಫ್ರಾನ್ಸಿಸ್’ ಎಂದು ಬರಿಯ ಹೆಸರು ಹಿಡಿದು ಕರೆದು, ಉಭಯಕುಶಲೋಪರಿಯ ಗೋಜಿಗೇ ಹೋಗದೆ, ನೀನು ಕೇಳಿ ಬರೆದಿದ್ದ ಹಲಗೆಗಳ ವಿಚಾರವನ್ನು ನಿನ್ನ ಯಜಮಾನರ ಬಳಿ ಮಾತಾಡಿದ್ದೇನೆ ಎಂದು ಶುರುಮಾಡುತ್ತಾಳೆ. ನನಗೂ ನಿನ್ನ ಯಜಮಾನರಿಗೂ ಕುಡಿಯಲು ಬಿಯರು ತಯಾರಿಸುವಂತೆ ಕೂಡಲೇ ಹೇಳು, ಒಳ್ಳೆಯ ಬಿಯರಿಗಾಗಲಿ ಇದ್ದಿಲಿಗಾಗಲಿ ಸೌದೆಗಾಗಲಿ ಕೊರತೆಯಾದರೆ ನಿನ್ನನ್ನು ದೂರುವಷ್ಟು ಬೇರೆ ಯಾರನ್ನೂ ದೂರುವುದಿಲ್ಲ ಎನ್ನುತ್ತಾಳೆ. ನನ್ನ ಮಲಗುವ ಕೋಣೆಯ ನೆಲವನ್ನು ಗಾರೆಯೋ ಜೇಡಿಯೋ ಸುಣ್ಣವೋ ಹಾಕಿಸಿ ಮಟ್ಟ ಮಾಡಿಸು, ಒಡೆದ ಕಿಟಕಿಗಾಜುಗಳನ್ನೆಲ್ಲ ಸರಿಪಡಿಸು, ಕೋಣೆಗಳು ಆದಷ್ಟು ಬೆಚ್ಚಗಿರಲಿ ಎಂಬ ಅಪ್ಪಣೆಯೂ ಇದೆ. ಯಜಮಾನತಿ ಚಳಿಗಾಲಕ್ಕೆ ಊರಿಗೆ ಬರುವವಳಿದ್ದಾಳೆ ಎಂಬುದು ಇದರಲ್ಲೇ ತಿಳಿಯುತ್ತದೆ.

ಇಲ್ಲಿಂದ ಮುಂದೆ ದನಿ ಗಡುಸಾಗುತ್ತದೆ. ಆ ಮನೆಯಲ್ಲಿದ್ದ ತನ್ನ ಸಹೋದರಿ ಜೇನ್‌ಗೆ ಬೇಕಾದ ಸಾಮಾನು ಸಿಗುತ್ತಿಲ್ಲವೆಂಬ ಸುದ್ದಿ ಬೆಸ್‌ಗೆ ಮುಟ್ಟಿದೆ. ಅದು ನಿಜವಾಗಿದ್ದರೆ ನಿನಗೆ ಮರ್ಯಾದೆಯೂ ಇಲ್ಲ, ವಿವೇಕವೂ ಇಲ್ಲ. ನನ್ನ ಮನೆಯಲ್ಲಿ ಪರಕೀಯರನ್ನು ಸಹ ಹಾಗೆ ನಡೆಸಿಕೊಳ್ಳುವುದು ನನಗೆ ಸೇರದು, ಹಾಗಿರುವಾಗ ನನ್ನ ಒಡಹುಟ್ಟಿದವಳನ್ನೇ? ಯಾವ ವಸ್ತುವೂ ದಂಡವಾಗುವುದು ನನಗೆ ಇಷ್ಟವಿಲ್ಲ, ಆದರೆ ಅವಳಿಗೆ ಅವಶ್ಯವಾದದ್ದು ಅವಳಿಗೆ ಸಲ್ಲಲೇಬೇಕು. ಮಿಕ್ಕ ಮಾತು ನಾನು ಬಂದು ವಿಚಾರಿಸಿದ ಮೇಲೆ ಎಂಬ ಅರ್ಥದ ಸಾಲುಗಳು ಒಂದರ ಬೆನ್ನಿಗೆ ಒಂದು ಬರುತ್ತವೆ. ಯಜಮಾನತಿ ದೂರದಲ್ಲಿದ್ದಾಗ ಮನೆಯಲ್ಲಿರುವ ಬಂಧುವಿನ ಸ್ಥಾನಮಾನ ಉಗ್ರಾಣದ ಬೀಗದ ಕೈ ಹಿಡಿದವನ ಮರ್ಜಿಗೆ ಬೀಳುತ್ತದೆ. ಕೂಡುಕುಟುಂಬದ ಅಡುಗೆಮನೆ ಕಂಡವರಿಗೆ ಈ ಇಕ್ಕಟ್ಟು ಚೆನ್ನಾಗಿ ಗೊತ್ತು.

ನನಗೆ ಅತ್ಯಂತ ಪ್ರಿಯವಾದ ಭಾಗ ಇನ್ನೂ ಮುಂದಿದೆ. ಸೂಲಗಿತ್ತಿಗೆ ಮತ್ತು ಸಹೋದರಿಯ ಕಡೆಯ ದಾದಿಗೆ ಇನಾಮು ಕೊಡಬೇಕೆಂದು ಹೇಳಿ ಆಕೆ ಹೀಗೆ ಲೆಕ್ಕ ಬರೆಯುತ್ತಾಳೆ: ಸೂಲಗಿತ್ತಿಗೆ ನನ್ನಿಂದ ಹತ್ತು ಶಿಲ್ಲಿಂಗು, ನನ್ನ ಮಗ ವಿಲ್‌ನಿಂದ ಐದು ಶಿಲ್ಲಿಂಗು, ದಾದಿಗೆ ನನ್ನಿಂದ ಐದು ಶಿಲ್ಲಿಂಗು, ನನ್ನ ಮಗನಿಂದ ಮೂರು ಶಿಲ್ಲಿಂಗು ನಾಲ್ಕು ಪೆನ್ಸು, ಒಟ್ಟು ಇಪ್ಪತ್ತಮೂರು ಶಿಲ್ಲಿಂಗು ನಾಲ್ಕು ಪೆನ್ಸು. ಕೂಡಿ ನೋಡಿ, ಸರಿಯಾಗಿದೆ. ಈ ‘ವಿಲ್’ ಎಂಬ ದಾನಶೂರನಿಗೆ ಆಗ ಇನ್ನೂ ಒಂದು ವರ್ಷವೂ ತುಂಬಿರಲಿಲ್ಲ! ತೊಟ್ಟಿಲ ಕೂಸಿನ ಹೆಸರಿನಲ್ಲಿ ಬೇರೆಯೇ ಕೊಡುಗೆ ಬರೆಸುವ ರೀತಿಯನ್ನು ಮುಯ್ಯಿ ಪುಸ್ತಕ ಬರೆದ ಯಾರೂ ಥಟ್ಟನೆ ಗುರುತಿಸುತ್ತಾರೆ. ಕೈಯಲ್ಲಿ ಬೇರೆ ಹಣವಿಲ್ಲದಿದ್ದರೆ ಪೆಂಟ್ರಿಚ್ ಎಂಬ ಊರಿನ ಗೇಣಿ ಹಣದಲ್ಲಿ ತೆಗೆದುಕೊಡು, ಕೊಡುವ ಮೊದಲು ನನ್ನ ಸಹೋದರಿಗೆ ತಿಳಿಸು ಎಂಬ ಸೂಚನೆಯೂ ಇದೆ. ಯಾವ ಜೇನ್‌ಗೆ ಮನೆಯಲ್ಲಿ ಮನ್ನಣೆ ಸಿಗುತ್ತಿರಲಿಲ್ಲವೋ ಅವಳಿಗೆ ತಿಳಿಸದೆ ಹಣ ಬಿಚ್ಚಕೂಡದೆಂಬ ಆ ಒಂದು ಮಾತಿನಿಂದ ಬೆಸ್ ಅವಳನ್ನು ಪಾರುಪತ್ಯಗಾರನಿಗಿಂತ ಒಂದು ಮೆಟ್ಟಿಲು ಮೇಲೆ ಕೂರಿಸಿದಳು. ಗೇಣಿ ಎಲ್ಲಿ ಮುಗಿದು ಒಡಹುಟ್ಟಿದವಳ ಮೇಲಿನ ಪ್ರೀತಿ ಎಲ್ಲಿ ಶುರುವಾಯಿತೆಂದು ಈ ಪತ್ರದಲ್ಲಿ ಗೆರೆ ಎಳೆಯಲು ನನ್ನಿಂದಾಗಲಿಲ್ಲ. ‘ಕೌಟುಂಬಿಕ ಪತ್ರಗಳು’, ‘ಆಸ್ತಿ ಪತ್ರಗಳು’ ಎಂದು ಕಳೆದ ಬಾರಿ ನಾನು ಮಾಡಿದ್ದ ವಿಂಗಡಣೆಯನ್ನು ಹಿಂದಕ್ಕೆ ಪಡೆಯುತ್ತೇನೆ.

ಪುಣೆಯಿಂದ ಒಬ್ಬ ಸಂಶೋಧನ ವಿದ್ಯಾರ್ಥಿ: ನಮ್ಮ ಮನೆಯಲ್ಲಿ ಅಜ್ಜನ ಕಾಲದ ಮೋಡಿ ಲಿಪಿಯ ಕಾಗದಗಳಿವೆ, ಅವು ಬಹುಪಾಲು ಗುಮಾಸ್ತರ ಬರಹ. ಬೆಸ್ ತನ್ನ ಪತ್ರಗಳನ್ನು ತಾನೇ ಬರೆಯುತ್ತಿದ್ದಳೆ? ಗುಟ್ಟು ಉಳಿಯುತ್ತಿದ್ದುದು ಹೇಗೆ?

ಎರಡೂ ಬಗೆಯವು ಇವೆ. ಕೆಲವು ಆಕೆಯ ಸ್ವಂತ ಕೈಬರಹದವು, ಹಲವು ಲಿಪಿಕಾರರಿಂದ ಬರೆಸಿ ಸಹಿ ಹಾಕಿದವು. ಆ ಕಾಲದಲ್ಲಿ ಸ್ವಹಸ್ತದಿಂದ ಬರೆಯುವುದೆಂದರೆ ಸಲಿಗೆ ಅಥವಾ ವಿಶೇಷ ಗೌರವದ ಗುರುತು. ನಾನು ಹುಡುಗನಾಗಿದ್ದಾಗ ಫೋರ್ಟಿನ ಒಂದು ಹೋಟೆಲಿನಲ್ಲಿ ದುಡಿಯುತ್ತ ರಾತ್ರಿಶಾಲೆಗೆ ಹೋಗುತ್ತಿದ್ದೆ. ಅಕ್ಷರ ಬಾರದ ಜತೆಗಾರರಿಗೆ ಊರಿಗೆ ಹೋಗುವ ಇನ್‌ಲ್ಯಾಂಡು, ಮನಿಯಾರ್ಡರಿನ ಕೂಪನ್ನು ಬರೆದುಕೊಡುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಅವರು ಹೇಳಿದ್ದನ್ನೇ ಬರೆದರೂ ನನಗೆ ರಾತ್ರಿಶಾಲೆಯಲ್ಲಿ ಕಲಿಸಿದ್ದ ‘ಮಾತೋಶ್ರೀಯವರ ಪಾದಾರವಿಂದಗಳಿಗೆ’ ಮುಂತಾದವು ತಾವಾಗಿ ಒಳಗೆ ಸೇರಿಕೊಳ್ಳುತ್ತಿದ್ದವು. ಆದ್ದರಿಂದ ಲಿಪಿಕಾರ ಬರೆದ ಪತ್ರದ ಉಪಚಾರದ ಮಾತುಗಳನ್ನು ಹಿಡಿದು ಯಜಮಾನತಿಯ ಸ್ವಭಾವ ನಿರ್ಣಯಿಸಲು ಹೊರಡುವವರನ್ನು ಕಂಡರೆ ನನಗೆ ನಗು ಬರುತ್ತದೆ.

ಮಸಿಯ ಮುಖ್ಯ ಸಾಮಗ್ರಿ ನಮಗೂ ಪರಿಚಿತವಾದ ಮಾಚಿಕಾಯಿ ಮತ್ತು ಅನ್ನಭೇದಿ. ಲೇಖನಿ ಹಕ್ಕಿಯ ಗರಿಯದು. ಲಕೋಟೆ ಇನ್ನೂ ಬಂದಿರಲಿಲ್ಲ. ಕಾಗದವನ್ನೇ ಹಲವು ಮಡಿಕೆ ಮಡಚಿ, ಅಂಚನ್ನು ಒಳಗೆ ತೂರಿಸಿ ಅರಗು ಒತ್ತುತ್ತಿದ್ದರು. ಇಲ್ಲವೆ ಮಡಿಕೆಗಳ ನಡುವೆ ಸೀಳು ಮಾಡಿ, ಕಾಗದದ ಪಟ್ಟಿಯನ್ನು ಪೋಣಿಸಿ ಮುದ್ರೆ ಹಾಕುತ್ತಿದ್ದರು. ಮುದ್ರೆ ಒಡೆಯದೆ ಓದಲಾಗದು, ಒಡೆದರೆ ಗುಟ್ಟಾಗಿ ಉಳಿಯದು. ಆಪ್ತರ ಪತ್ರವಾದರೆ ಬಣ್ಣದ ರೇಷ್ಮೆ ಎಳೆಯನ್ನು ಸುತ್ತಿ ಅದರ ಮೇಲೆ ಮುದ್ರೆ ಒತ್ತುವ ಸೊಗಸೂ ಇತ್ತು. ಹಿರಿಯರಿಗೆ ಬರೆಯುವಾಗ ಒಕ್ಕಣೆಗೂ ಸಹಿಗೂ ನಡುವೆ ದೊಡ್ಡ ಜಾಗ ಖಾಲಿ ಬಿಟ್ಟು, ಸಹಿಯನ್ನು ಪುಟದ ಕೆಳತುದಿಗೆ ಹಾಕಬೇಕಿತ್ತು. ಜಾಗ ಹೆಚ್ಚಾದಷ್ಟು ವಿನಯ ಹೆಚ್ಚು. ಮುದ್ರಿತ ಪುಸ್ತಕದಲ್ಲಿ ಮಾತ್ರ ಪತ್ರ ಓದುವವರಿಗೆ ಈ ವಿನಯ ಕಾಣುವುದೇ ಇಲ್ಲ.

ಅರಮನೆಯ ಅಂಚೆ ಸರ್ಕಾರಿ ಕೆಲಸಕ್ಕೆ ಮೀಸಲಾಗಿತ್ತು. ಖಾಸಗಿ ಪತ್ರಗಳನ್ನು ಆಳುಗಳು, ನೆಂಟರು, ಆ ಕಡೆ ಹೊರಟ ಗಾಡಿಯವರು ಒಯ್ಯಬೇಕು. ಹೀಗಾಗಿ ನಿಜವಾದ ಗುಟ್ಟನ್ನು ಬಹಳ ಸಲ ಪತ್ರದಲ್ಲಿ ಬರೆಯುತ್ತಲೇ ಇರಲಿಲ್ಲ. ಪತ್ರ ತಂದವನು ಬಾಯಿಮಾತಿನಲ್ಲಿ ಹೇಳುತ್ತಾನೆ, ನಂಬಬಹುದು ಎಂಬ ಸಾಲಿಗೆ ಮುಗಿಸುತ್ತಿದ್ದರು. ಉಳಿದಿರುವ ಪತ್ರ ಎಷ್ಟೋ ವೇಳೆ ಅರ್ಧ ಸಂಭಾಷಣೆ ಮಾತ್ರ.

ಠಾಣೆಯಿಂದ: ಆಕೆಯ ಕಾಗುಣಿತ ಅಷ್ಟೊಂದು ತಪ್ಪಾಗಿರುವುದು ಓದು ಬಾರದ್ದರಿಂದಲೆ?

ಅಲ್ಲ. ಇಂಗ್ಲಿಷಿಗೆ ಆಗಿನ್ನೂ ನಿಂತ ಕಾಗುಣಿತವಿರಲಿಲ್ಲ. ಆಕೆ ಉಚ್ಚಾರಣೆಯನ್ನು ಅನುಸರಿಸಿ ಬರೆಯುತ್ತಿದ್ದಳು. ಲೆಕ್ಕದ ಪುಸ್ತಕದ ಪುಟಗಳನ್ನು ಪರಿಶೀಲಿಸಿ ಸಹಿ ಹಾಕುತ್ತಿದ್ದ ಹೆಂಗಸಿಗೆ ಓದು ಬಾರದೆನ್ನಲು ಧೈರ್ಯ ಬೇಕು.

ಮುಲುಂಡಿನಿಂದ ಒಬ್ಬ ವಕೀಲರು: ಗಂಡಂದಿರ ಆಸ್ತಿಗಾಗಿಯೇ ಮದುವೆಯಾದ ಚಾಲಾಕಿ ಹೆಂಗಸೆಂದು ಈಕೆಯ ಬಗ್ಗೆ ಓದಿದ್ದೇನೆ. ಪತ್ರಗಳು ಏನು ಹೇಳುತ್ತವೆ?

ವಕೀಲರಿಗೆ ಎದುರುಪಕ್ಷದ ಹೇಳಿಕೆಯನ್ನು ಯಾವ ಎಚ್ಚರದಲ್ಲಿ ಓದಬೇಕೆಂದು ನಾನು ಹೇಳಿಕೊಡಬೇಕಿಲ್ಲ. ಈ ಕೀರ್ತಿಯ ಬಹುಪಾಲು ನಾಲ್ಕನೆಯ ಗಂಡನ ಕೊನೆಗಾಲದ ಪತ್ರಗಳಿಂದ ಹುಟ್ಟಿದ್ದು. ಮೂರನೆಯವನಾದ ಸೇಂಟ್ ಲೋ ಆಕೆಯನ್ನು ಪತ್ರದಲ್ಲಿ ‘ನನ್ನ ಪ್ರಾಮಾಣಿಕ ಸಿಹಿ ಚಾಟ್ಸ್‌ವರ್ತ್’ ಎಂದು ಕರೆಯುತ್ತಿದ್ದ. ಹೆಂಡತಿಗೂ ಆಕೆ ಕಟ್ಟಿಸುತ್ತಿದ್ದ ಮನೆಗೂ ಒಂದೇ ಹೆಸರು. ತಮಾಷೆಯೂ ಅಕ್ಕರೆಯೂ ಬೆರೆತ ಆ ಕರೆಯಲ್ಲಿ ಮೋಸಹೋದವನ ದನಿ ನನಗೆ ಕೇಳುವುದಿಲ್ಲ. ನಾಲ್ಕನೆಯವನಾದ ಶ್ರೂಸ್‌ಬರಿಯ ಅರ್ಲ್ ಕೂಡ ಮದುವೆಯ ಮೊದಲ ವರ್ಷಗಳಲ್ಲಿ ‘ನನ್ನವಳೇ’ ಎಂಬ ಅರ್ಥದ ಮುದ್ದಿನ ಮಾತಿನಿಂದಲೇ ಪತ್ರ ಆರಂಭಿಸುತ್ತಿದ್ದ.

ಆಮೇಲೆ ನಡೆದದ್ದಕ್ಕೆ ರಾಜಕಾರಣದ ಪಾಲು ದೊಡ್ಡದು. ಸ್ಕಾಟ್ಲೆಂಡಿನಿಂದ ಓಡಿಬಂದ ರಾಣಿ ಮೇರಿಯನ್ನು ಕಾವಲಿನಲ್ಲಿಡುವ ಹೊಣೆಯನ್ನು 1569ರಲ್ಲಿ ಎಲಿಜಬೆತ್ ರಾಣಿ ಇವನಿಗೆ ವಹಿಸಿದಳು. ಹದಿನೈದು ವರ್ಷ ಅದು ಅವನ ಕೊರಳಿಗೆ ಗಂಟುಬಿದ್ದಿತ್ತು. ಪರಿವಾರ ಸಮೇತಳಾದ ಸೆರೆಯಾಳು ರಾಣಿಯ ಊಟ, ಸೌದೆ, ಮದ್ಯದ ಖರ್ಚಿಗೆಂದು ವಾರಕ್ಕೆ ಕೊಡುತ್ತಿದ್ದ 52 ಪೌಂಡು ಸಾಲದೆ ಅವನು ಗೋಗರೆಯುತ್ತಿದ್ದಾಗ, ಅದನ್ನು 30ಕ್ಕೆ ಇಳಿಸಲಾಯಿತು. ಮೊದಮೊದಲು ಬೆಸ್ ಮತ್ತು ಮೇರಿ ಒಟ್ಟಿಗೆ ಕುಳಿತು ಕಸೂತಿ ಹಾಕುತ್ತಿದ್ದರು. ಕಡೆಗೆ ಸಂಶಯ, ಸಾಲ, ವಾತದ ನೋವು, ಚಾಟ್ಸ್‌ವರ್ತ್ ಯಾರದೆಂಬ ತಗಾದೆ ಎಲ್ಲ ಸೇರಿ, 1580ರ ದಶಕದಲ್ಲಿ ಗಂಡಹೆಂಡಿರು ಬೇರೆಯಾದರು. ರಾಣಿಯೇ ನಡುವೆ ನಿಂತು ರಾಜಿ ಮಾಡಿಸಲು ನೋಡಿದಳು. ಆ ಕಾಲದ ಬೆಸ್‌ಳ ಪತ್ರಗಳಲ್ಲಿ ವಿನಯ ಮಿತಿಮೀರಿದೆ, ಗಂಡನವುಗಳಲ್ಲಿ ಬೈಗುಳ ಮಿತಿಮೀರಿದೆ. ಎರಡೂ ಪಂಚಾಯಿತಿ ಕಟ್ಟೆಯ ಮುಂದೆ ಓದಿಸಲೆಂದೇ ಬರೆದಂತಿವೆ. ಆಕೆ ಆಸ್ತಿಯ ವಿಷಯದಲ್ಲಿ ಬಲು ಬಿಗಿ ಎಂಬುದು ನಿಜ. ಮದುವೆಯಾದ ಹೆಂಗಸಿಗೆ ಸ್ವಂತ ಆಸ್ತಿಯ ಹಕ್ಕೇ ಇಲ್ಲದ ಕಾನೂನಿನಲ್ಲಿ, ಮೊದಲ ಗಂಡನ ಪಾಲಿಗೇ ಕೋರ್ಟು ಹತ್ತಿದವಳು ಸಡಿಲವಾಗಿರಲೆಂದು ಬಯಸುವುದು ನ್ಯಾಯವಲ್ಲ. 1590ರಲ್ಲಿ ಅರ್ಲ್ ಸತ್ತ ಮೇಲೆ ಆಕೆ ಕಟ್ಟಿಸಿ ಮುಗಿಸಿದ ಹಾರ್ಡ್‌ವಿಕ್ ಹಾಲ್‌ನ ಗೋಪುರಗಳ ನೆತ್ತಿಯಲ್ಲಿ ತನ್ನ ಹೆಸರಿನ ಮೊದಲಕ್ಷರಗಳಾದ ‘ಇ.ಎಸ್.’ (ಎಲಿಜಬೆತ್ ಶ್ರೂಸ್‌ಬರಿ) ಎಂಬುದನ್ನು ಕಲ್ಲಿನಲ್ಲಿ ಕೆತ್ತಿಸಿದಳು. ದೂರದ ರಸ್ತೆಯಿಂದಲೂ ಅವು ಓದಲು ಸಿಗುತ್ತವೆ.

ಬೋರಿವಲಿಯಿಂದ ಒಬ್ಬ ಅಜ್ಜಿ: ಮೊಮ್ಮಕ್ಕಳು ಆಕೆಗೆ ಬರೆದದ್ದೇನಾದರೂ ಇದೆಯೆ?

ಇದೆ, ಅದೂ ತೀರ ಚಿಕ್ಕದು. ತಂದೆ ತಾಯಿಯನ್ನು ಕಳೆದುಕೊಂಡು ಬೆಸ್‌ಳ ಆರೈಕೆಯಲ್ಲಿ ಬೆಳೆದ ಮೊಮ್ಮಗಳು ಅರ್ಬೆಲಾ ಸ್ಟುವರ್ಟ್, ಹನ್ನೊಂದು ಹನ್ನೆರಡರ ವಯಸ್ಸಿನಲ್ಲಿ, ಒಂದು ಫೆಬ್ರವರಿ 8ರಂದು ಅಜ್ಜಿಗೆ ಬರೆಯುತ್ತಾಳೆ: ಕಳೆದ ಶನಿವಾರ, ಚಂದ್ರನ ಆರನೆಯ ದಿನ, ಕತ್ತರಿಸಿದ ನನ್ನ ಕೂದಲಿನ ತುದಿಗಳನ್ನು ಕಳಿಸಿದ್ದೇನೆ, ಜತೆಗೆ ನನ್ನ ಸೇವಕಿ ಮಾಡಿದ ಜೆಲ್ಲಿಯ ಒಂದು ಭರಣಿಯನ್ನೂ. ಕೂದಲು ಕತ್ತರಿಸಲು ವಾರ, ತಿಥಿ ನೋಡುವ ಮನೆಗಳ ಅಜ್ಜಿಯರಿಗೆ ಟಿಪ್ಪಣಿ ಬೇಡ. ಈ ಹುಡುಗಿಗೆ ಇಂಗ್ಲೆಂಡಿನ ಸಿಂಹಾಸನದ ಮೇಲೆ ವಂಶದ ಹಕ್ಕಿತ್ತು, ಅದೇ ಅವಳ ಪಾಲಿಗೆ ಮುಳುವಾಯಿತು. 1603ರ ಹೊತ್ತಿಗೆ ಅವಳು ಗುಟ್ಟಾಗಿ ಮದುವೆಯ ಪ್ರಯತ್ನ ಮಾಡಿ ಸಿಕ್ಕಿಬಿದ್ದಾಗ, ತನಗೆ ಇದೊಂದೂ ತಿಳಿಯದೆಂದು ಬೆಸ್ ರಾಣಿಗೆ ಬರೆದುಕೊಳ್ಳಬೇಕಾಯಿತು. ಅದೇ ವರ್ಷ ಉಯಿಲಿನಿಂದ ಮೊಮ್ಮಗಳ ಹೆಸರನ್ನು ತೆಗೆಸಿದಳು. ಜೆಲ್ಲಿಯ ಪತ್ರವನ್ನು ಮಾತ್ರ ಎಸೆದಿರಲಿಲ್ಲ.

ಪುಣೆಯ ಇನ್ನೊಬ್ಬರು: ಬೆಸ್ ಸತ್ತದ್ದು 1607ರಲ್ಲೋ 1608ರಲ್ಲೋ? ನಿಮ್ಮ ಲೇಖನ ಒಂದು ಹೇಳಿದರೆ ಗೋರಿ ಇನ್ನೊಂದು ಹೇಳುತ್ತದಂತೆ.

ಎರಡೂ ಒಂದೇ. ಇಂಗ್ಲೆಂಡಿನಲ್ಲಿ 1752ಕ್ಕೆ ಮುಂಚೆ ಹೊಸ ವರ್ಷ ಆರಂಭವಾಗುತ್ತಿದ್ದುದು ಮಾರ್ಚ್ 25ಕ್ಕೆ, ಹೆಚ್ಚುಕಡಿಮೆ ನಮ್ಮ ಯುಗಾದಿಯ ಹೊತ್ತಿಗೆ. ಆಕೆ ತೀರಿದ ಫೆಬ್ರವರಿ 13 ಅವರ ಲೆಕ್ಕಕ್ಕೆ ಇನ್ನೂ ಹಳೆಯ ವರ್ಷವಾದ 1607, ನಮ್ಮ ಲೆಕ್ಕಕ್ಕೆ 1608. ಜನವರಿಯಿಂದ ಮಾರ್ಚ್‌ವರೆಗಿನ ಯಾವ ಪತ್ರವನ್ನು ಓದುವಾಗಲೂ ಇದನ್ನು ನೆನಪಿಡಬೇಕು. ಇಲ್ಲವಾದರೆ ಉತ್ತರ ಪ್ರಶ್ನೆಗಿಂತ ಮೊದಲೇ ಬಂದಂತೆ ಕಾಣುತ್ತದೆ.

ವಾಸ್ಕೋದಿಂದ ಒಬ್ಬ ಓದುಗರು: ಬೆಸ್ ಬದುಕಿದ್ದಾಗ ನಮ್ಮ ಗೋವಾದಿಂದ ಇಂಗ್ಲೆಂಡಿಗೆ ಇಂಥ ಮನೆಪತ್ರ ಯಾವುದಾದರೂ ಹೋಗಿತ್ತೆ?

ಹೋಗಿತ್ತು. ಇಂಗ್ಲೆಂಡಿನ ವಿಲ್ಟ್‌ಶೈರಿನವರಾದ, ಜೆಸ್ಯೂಟ್ ಎಂಬ ಕ್ರೈಸ್ತ ಸಂಘದ ಥಾಮಸ್ ಸ್ಟೀಫನ್ಸ್ 1579ರ ಏಪ್ರಿಲ್‌ನಲ್ಲಿ ಲಿಸ್ಬನ್ನಿನಿಂದ ಹಡಗು ಹತ್ತಿ ಅಕ್ಟೋಬರ್ 24ರಂದು ಗೋವಾ ಮುಟ್ಟಿದರು. ನವೆಂಬರ್ 10ರಂದು ಲಂಡನ್ನಿನಲ್ಲಿ ವ್ಯಾಪಾರಿಯಾಗಿದ್ದ ತಂದೆಗೆ ಸಮುದ್ರಯಾನದ ವಿವರ ಬರೆದರು. ಅದು ಮುಂದೆ 1589ರಲ್ಲಿ ಅಚ್ಚಾಯಿತು. 1583ರಲ್ಲಿ ಸಹೋದರನಿಗೆ ಬರೆದ ಪತ್ರದಲ್ಲಿ ಇಲ್ಲಿಯ ಭಾಷೆಗಳ ರಚನೆ ಗ್ರೀಕ್, ಲ್ಯಾಟಿನ್‌ಗಳಿಗೆ ಹತ್ತಿರವಿದೆಯೆಂದು ಗುರುತಿಸಿದ್ದಾರೆ. ‘ಕ್ರಿಸ್ತಪುರಾಣ’ ಬರೆದವರು ಇವರೇ. ಪ್ರಯಾಣಕ್ಕೇ ಆರು ತಿಂಗಳು ಹಿಡಿಯುತ್ತಿದ್ದ ಆ ದಾರಿಯಲ್ಲಿ, ಮಗನ ಪತ್ರಕ್ಕೆ ತಂದೆಯ ಉತ್ತರ ಬರಲು ಒಂದು ವರ್ಷಕ್ಕೂ ಮಿಕ್ಕು ಕಾಯಬೇಕು. ಬೆಸ್‌ಳಂತೆ, ಸಾಮಾನು ಸರಿಯಾಗಿ ಕೊಟ್ಟೆಯಾ ಎಂದು ಬೆನ್ನು ಹತ್ತಿ ಕೇಳುವ ಅವಕಾಶ ಅಲ್ಲಿಲ್ಲ. ಗೋವಾದ ದಫ್ತರಖಾನೆ ಸ್ಥಾಪನೆಯಾದ 1595ರಲ್ಲಿ ಡರ್ಬಿಶೈರಿನಲ್ಲಿ ಹಾರ್ಡ್‌ವಿಕ್ ಹಾಲ್‌ನ ಕೆಲಸ ನಡೆದಿತ್ತು.

ಮತ್ತೆ ಡೊಂಬಿವಲಿಯಿಂದ, ಬೇರೊಬ್ಬರು: ತೀರಿಹೋದ ಅತ್ತೆಯವರ ಟ್ರಂಕಿನಲ್ಲಿ ಕುಂದಾಪುರದಿಂದ ಬಂದ ನೂರಾರು ಇನ್‌ಲ್ಯಾಂಡುಗಳು, ಗೇಣಿ ಚೀಟಿಗಳು, ಅಂಗಡಿ ಲೆಕ್ಕಗಳಿವೆ. ಪತ್ರ ಮಾತ್ರ ಇಟ್ಟುಕೊಂಡು ಉಳಿದದ್ದನ್ನು ರದ್ದಿಗೆ ಹಾಕಲೆ?

ದಯವಿಟ್ಟು ಹಾಕಬೇಡಿ. ಬೆಸ್‌ಳ ಪತ್ರದಲ್ಲಿ ಬರುವ ಹೆಸರುಗಳು ಯಾರದೆಂದು ತಿಳಿಯಲು ಆಕೆಯ ಲೆಕ್ಕದ ಪುಸ್ತಕಗಳೇ ಎಷ್ಟೋ ಕಡೆ ನೆರವಾಗಿವೆ. ನಿಮ್ಮ ಅತ್ತೆಯವರ ಪತ್ರದ ‘ಆ ವಿಷಯ’ ಏನೆಂಬುದು ಗೇಣಿ ಚೀಟಿಯಲ್ಲೇ ಸಿಕ್ಕೀತು. ಟ್ರಂಕಿನಲ್ಲಿ ಯಾವುದು ಯಾವುದರ ಜತೆ ಕಟ್ಟಿತ್ತೋ ಆ ಕಟ್ಟನ್ನು ಬಿಚ್ಚುವ ಮೊದಲು ಒಂದು ಫೋಟೊ ತೆಗೆದಿಡಿ. ವಿಳಾಸವಿರುವ ಮಗ್ಗುಲನ್ನೂ ಅಂಚೆ ಮುದ್ರೆಯನ್ನೂ ಬಿಡದೆ ತೆಗೆಯಿರಿ. ಹರಿದದ್ದಕ್ಕೆ ಸೆಲೊಟೇಪು ಹಚ್ಚಬೇಡಿ, ಲ್ಯಾಮಿನೇಷನ್ ಮಾಡಿಸಬೇಡಿ, ಗುರುತು ಹಾಕುವುದಿದ್ದರೆ ಪೆನ್ಸಿಲಿನಲ್ಲಿ ಹಾಕಿ. ಮುಂಬಯಿಯ ಮಳೆಗಾಲ ಮುಗಿದು ಗಾಳಿ ಒಣಗಿದ ಮೇಲೆ, ನೆರಳಿನಲ್ಲಿ ಹರಡಿ ಒಂದೊಂದೇ ಮಡಿಕೆ ಬಿಡಿಸಿ. ಹೆಸರುಗಳ ಗುರುತು ಹೇಳಬಲ್ಲ ಹಿರಿಯರು ಊರಿನಲ್ಲಿ ಯಾರಾದರೂ ಇದ್ದರೆ ಮೊದಲು ಅವರಿಗೆ ಫೋನು ಮಾಡಿ.